ಹಾಲ್‌ನಲ್ಲಿ ಕೂತವರಿಗೆ, ಅಡುಗೆಮನೆಯಿಂದ

ಮಕ್ಕಳ ಅಮೆರಿಕ ವೀಸಾಕ್ಕೆಂದು ಚೆನ್ನೈಗೆ ಬರುವ ಕನ್ನಡದ ಅಪ್ಪ ಅಮ್ಮಂದಿರಿಗೆ,



ನಿಮ್ಮಲ್ಲಿ ಕೆಲವರು ವೇಳಚೇರಿಯ ನಮ್ಮ ಮನೆಯಲ್ಲಿ ಉಳಿದು ಹೋದವರು. ಇನ್ನು ಕೆಲವರು ಬರಲಿರುವವರು. ಮಿಕ್ಕವರು ನನ್ನಂಥ ಇನ್ಯಾರದೋ ಮನೆಯಲ್ಲಿ, ಮಾಂಬಲದಲ್ಲೋ ನಂಗನಲ್ಲೂರಿನಲ್ಲೋ, ಚಾಪೆ ಹಾಸಿಕೊಂಡವರು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದವರು ಕಾನ್ಸುಲೇಟ್ ಉದ್ಘಾಟಿಸಿದರು, ಪೇಪರಿನಲ್ಲಿ ಫೋಟೋ ಬಂತು, ಆದರೆ ವೀಸಾ ಕಿಟಕಿ ಅವತ್ತು ತೆರೆಯಲಿಲ್ಲ. ಹಾಗಾಗಿ ಕರ್ನಾಟಕದ ಮಕ್ಕಳು ಚೆನ್ನೈಗೋ ಹೈದರಾಬಾದಿಗೋ ಓಡುವುದು ತಪ್ಪಲಿಲ್ಲ, ಇಲ್ಲಿ ನೆಲೆನಿಂತ ನಮ್ಮ ಮನೆಗಳು ವೀಸಾ ಛತ್ರಗಳಾಗುವುದೂ ತಪ್ಪಲಿಲ್ಲ. ಬೇಜಾರೇನಿಲ್ಲ. ನೀವು ತರುವ ಹುರಿಗಾಳು, ನಂಜನಗೂಡಿನ ರಸಬಾಳೆ, ಮೈಸೂರಿನ ಚಿಗುರೆಲೆ ಈ ಊರಿನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಈ ಕಾಗದಕ್ಕೆ ಕಾರಣ ಬೇರೆ. ವೀಸಾ ಸಂದರ್ಶನದ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ: ನೀವು ಹಾಲ್‌ನಲ್ಲಿ ಫೈಲು ಹರಡಿಕೊಂಡು ಕೂತಿರುತ್ತೀರಿ. ಡಿಎಸ್-160 ಅರ್ಜಿ ಎಲ್ಲಿ, ಯೂನಿವರ್ಸಿಟಿ ಕಳಿಸಿದ ಐ-20ಗೆ ಸಹಿ ಹಾಕಿದೆಯಾ, ಸೈಟಿನ ವ್ಯಾಲ್ಯುಯೇಶನ್ ಸರ್ಟಿಫಿಕೇಟು ಮೇಲಿಡಬೇಕೋ ಕೆಳಗೋ. ನಮ್ಮ ಯಜಮಾನರು ನಿಮಗೆ ಮರುದಿನದ ಆಟೋ ದಾರಿ ವಿವರಿಸುತ್ತಿರುತ್ತಾರೆ. ಆಗ ನಿಮ್ಮ ಮಗು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬರುತ್ತದೆ. ಲೋಟ ತೊಳೆದು, ಒರೆಸಿ, ಮತ್ತೆ ತೊಳೆದು, ಕೊನೆಗೆ ದನಿ ತಗ್ಗಿಸಿ ಕೇಳುತ್ತದೆ: "ಆಂಟಿ, ಅಲ್ಲಿಗೆ ಹೋದ ಮೇಲೆ ಮೇಜರ್ ಚೇಂಜ್ ಮಾಡ್ಬೋದಾ? ಆ ಯೂನಿವರ್ಸಿಟೀಲಿ ನಂಗೆ ಬೇಕಾದ್ದು ಇಲ್ದಿದ್ರೆ ಬೇರೆ ಕಡೆ ಟ್ರಾನ್ಸ್‌ಫರ್ ಆಗ್ಬೋದಾ?"

ಈಚಿನ ವರ್ಷಗಳಲ್ಲಿ ಏಳು ಮಕ್ಕಳು ಕೇಳಿದ್ದಾರೆ. ಯಾರು ಯಾರು ಅಂತ ಹೇಳುವುದಿಲ್ಲ. ಇದನ್ನು ಓದುತ್ತ ನಿಮ್ಮ ಮಗನ ಮುಖ ನೋಡಲೂ ಹೋಗಬೇಡಿ. ಅವರು ಕೇಳಿದ್ದು ನನ್ನ ಮಗಳ ಸಂಗತಿ ಹೇಗೋ ಕಿವಿಗೆ ಬಿದ್ದಿದ್ದರಿಂದ. ಅದನ್ನೇ ಈಗ ನಿಮಗೂ ಹೇಳಿಬಿಡುತ್ತೇನೆ.

ನಮ್ಮ ಮಗಳು 2022ರ ಆಗಸ್ಟಿನಲ್ಲಿ ಅಮೆರಿಕದ ನಡುಭಾಗದ ಒಂದು ಊರಿಗೆ ಕಂಪ್ಯೂಟರ್ ಸೈನ್ಸ್ ಬಿ.ಎಸ್. ಓದಲು ಹೋದಳು. ವಿಷಯ ಆರಿಸಿದ್ದು ಅವಳಲ್ಲ. ನಾವೂ ಅಲ್ಲ ಅಂತ ಹೇಳಿಕೊಳ್ಳುತ್ತಿದ್ದೆವು. ಬೆಂಗಳೂರಿನ ಒಬ್ಬ ಕನ್ಸಲ್ಟೆನ್ಸಿಯವನು ಅರ್ಜಿ ತುಂಬುವಾಗ ಎಲ್ಲ ಮಕ್ಕಳಿಗೂ ಅದೇ ಬರೆಯುತ್ತಿದ್ದ. ಮದುವೆ ಮನೆಯಲ್ಲಿ ಎಲ್ಲರ ಎಲೆಗೂ ಒಂದೇ ಸೌಟಿನಲ್ಲಿ ಬಡಿಸಿದ ಹಾಗೆ. ನಾವು ತಲೆಯಾಡಿಸಿದೆವು, ಅಷ್ಟೆ. ಅಲ್ಲಿ ಎರಡನೇ ಸೆಮಿಸ್ಟರಿಗೆ ಅವಳು ಯಾವುದೋ ಕ್ರೆಡಿಟ್ ತುಂಬಿಸಲು ನದಿಗಳ ಬಗ್ಗೆ ಒಂದು ಪಾಠ ತೆಗೆದುಕೊಂಡಳು. ಮಳೆ ನೀರು ನೆಲದೊಳಗೆ ಎಷ್ಟು ಇಳಿಯುತ್ತದೆ, ಎಷ್ಟು ಹರಿದು ಹೋಗುತ್ತದೆ, ಕೆರೆ ಮುಚ್ಚಿದರೆ ಆ ಲೆಕ್ಕ ಎಲ್ಲಿ ತಪ್ಪುತ್ತದೆ, ಇಂಥದ್ದು. ಅವತ್ತಿನಿಂದ ಅವಳ ಮನಸ್ಸು ಹೈಡ್ರಾಲಜಿ ಕಡೆ ಹೊರಳಿತು. ಆ ಯೂನಿವರ್ಸಿಟಿಯಲ್ಲಿ ಆ ವಿಭಾಗವೇ ಇರಲಿಲ್ಲ. ಹತ್ತು ತಿಂಗಳು ನಮಗೆ ಹೇಳಲಿಲ್ಲ.

ಗೊತ್ತಾಗಿದ್ದು ಮಿಚಾಂಗ್ ಚಂಡಮಾರುತದಲ್ಲಿ. 2023ರ ಡಿಸೆಂಬರ್ 3, 4ರಂದು ಸುರಿದ ಮಳೆ ವೇಳಚೇರಿಯವರಿಗೆ ಮರೆಯುವಂಥದ್ದಲ್ಲ. ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳ ಸೀಟು ಮಾತ್ರ ಕಾಣುತ್ತಿತ್ತು. ಕರೆಂಟಿಲ್ಲ, ಲಿಫ್ಟಿಲ್ಲ, ಫೋನಿಗೆ ಟವರಿಲ್ಲ. ಮೇಲಿನ ಮನೆಯ ಮಾಮಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು ದೋಣಿಯವರ ಕೈಯಿಂದ ಹಾಲಿನ ಪ್ಯಾಕೆಟ್ಟು ಎಳೆದುಕೊಂಡರು. ಮೂರನೇ ದಿನ ಸಂಜೆ ಫೋನಿಗೆ ಜೀವ ಬಂದಾಗ ಮಗಳ ಹನ್ನೊಂದು ಮಿಸ್ಡ್ ಕಾಲ್. ಪಾಪ, ನಮ್ಮ ಬಗ್ಗೆ ಎಷ್ಟು ಹೆದರಿದ್ದಾಳೆ ಅಂದುಕೊಂಡು ಫೋನ್ ಮಾಡಿದೆ.

"ಅಮ್ಮಾ, ನೀರು ಎಷ್ಟನೇ ಮೆಟ್ಟಿಲವರೆಗೆ ಬಂತು?"

"ಏಳನೇದು."

"ಪಳ್ಳಿಕರಣೈ ಕಡೆಯಿಂದ ಬಂತಾ, ಕೆರೆ ಕಡೆಯಿಂದಾನಾ?"

ನನಗೇನು ಗೊತ್ತು ಯಾವ ಕಡೆಯಿಂದ ಬಂತು ಅಂತ. ನೀರಿಗೆ ಅಡ್ರೆಸ್ ಇರುತ್ತದೆಯೇ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮಾ, ನಂದೂ ಒಂದು ಹೇಳೋದಿದೆ" ಅಂದಳು.

ಕತೆ ಕಟ್ಟಿದ ಹಾಗಿದೆ ಅಂತ ನಿಮಗನ್ನಿಸಬಹುದು. ನನಗೂ ಆಮೇಲೆ ಅನ್ನಿಸಿತು. ಪಳ್ಳಿಕರಣೈ ಜೌಗು ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. 2022ರಲ್ಲಿ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಬಂದಾಗ ಕಣ್ಣಾಡಿಸಿ ಪುಟ ಮಗುಚಿದ್ದೆ. ಮಳೆನೀರು ಇಂಗಿ ಹರಿದು ಹೋಗಬೇಕಾದ ಜಾಗದಲ್ಲಿ ರಸ್ತೆ, ಫ್ಲಾಟು, ಸಾಫ್ಟ್‌ವೇರ್ ಕಂಪನಿ ಎದ್ದಿವೆ, ಆದ್ದರಿಂದ ನೀರು ನಮ್ಮ ಮೆಟ್ಟಿಲು ಹತ್ತುತ್ತದೆ ಅನ್ನುವುದನ್ನು ಸಾವಿರಾರು ಕಿಲೋಮೀಟರ್ ದೂರದಿಂದ ಮಗಳು ಹೇಳಿದಳು. ಮೊಂಬತ್ತಿ ಬೆಳಕಿನಲ್ಲಿ ಅದನ್ನು ಕೇಳುತ್ತ ನಾನು ಅಂದದ್ದು ಮಾತ್ರ ಇದು: "ಅದೆಲ್ಲ ಸರಿ, ಅದಕ್ಕೆ ಕೆಲಸ ಎಲ್ಲಿ ಸಿಗುತ್ತೆ?" ನಿಮ್ಮ ಮುಂದೆ ಒಳ್ಳೆಯವಳಾಗಿ ಕಾಣುವ ಆಸೆ ನನಗಿಲ್ಲ. ಅಂದಿದ್ದು ಅದನ್ನೇ.

ಈಗ ಮುಖ್ಯ ವಿಷಯ. ಆ ನವೆಂಬರಿನಲ್ಲಿ ಅವಳು ಎರಡು ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದಳು. ಎಲ್ಲ ಪಾಠಗಳಿಂದಲೂ ಹೆಸರು ತೆಗೆಸಿ, ರಜಾ ಅಂತ ಸುಳ್ಳು ಹೇಳಿ ಮನೆಗೆ ಬಂದುಬಿಡುವುದು, ಮುಂದಿನದು ಆಮೇಲೆ ನೋಡಿಕೊಳ್ಳುವುದು ಅಂತ ನಿರ್ಧರಿಸಿದ್ದಳು. ಹೆಸರು ತೆಗೆಸುವ ಬಟನ್ ಒತ್ತುವ ಮುನ್ನ ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿನ ಒಬ್ಬ ಹೆಂಗಸು ಕರೆದು ಕೂರಿಸಿ ಹೇಳಿದಳಂತೆ: ಮೊದಲು ಹೊಸ ಜಾಗದಲ್ಲಿ ಸೀಟು, ಆಮೇಲೆ ಇಲ್ಲಿಂದ ಬಿಡುಗಡೆ, ತಿರುಗಾ ಮುರುಗಾ ಮಾಡಿದೆಯೋ, ನೀನು ಈ ದೇಶದಲ್ಲಿ ಇರುವ ಹಕ್ಕೇ ಹೋಗುತ್ತದೆ.

ನಮ್ಮ ಹಳ್ಳಿ ಕಡೆ ಹೇಳುವ ಹಾಗೆ, ಹೊಸ ಕೊಟ್ಟಿಗೆ ಕಟ್ಟುವ ಮೊದಲು ಹಳೇದರ ಗಳ ಕೀಳಬಾರದು. ಇಷ್ಟು ಸಣ್ಣ ಮಾತು ಮಗುವಿಗೆ ಗೊತ್ತಿರಲಿಲ್ಲ. ಯಾಕೆಂದರೆ ಕೇಳಲು ಯಾರೂ ಇರಲಿಲ್ಲ. ಕೇಳಿದರೆ ನಮಗೆ ಗೊತ್ತಾಗಿಬಿಡುತ್ತದೆ ಅಂತ ಅಲ್ಲಿನ ಕನ್ನಡದ ಗೆಳತಿಯರನ್ನೂ ಕೇಳಿರಲಿಲ್ಲ. ಆ ಗೆಳತಿಯರ ಅಮ್ಮಂದಿರೆಲ್ಲ ನನ್ನ ವಾಟ್ಸಾಪ್ ಗುಂಪಿನಲ್ಲಿದ್ದರು ನೋಡಿ.

ಆದ್ದರಿಂದ ಕಾಗದಪತ್ರದ ಕ್ರಮ ಒಂದಿಷ್ಟು ಬಿಡಿಸಿ ಹೇಳುತ್ತೇನೆ. ಇದು ಕಾನೂನು ಸಲಹೆಯಲ್ಲ, ಅಲ್ಲಿನ ಆಫೀಸಿನವರ ಮಾತೇ ಕೊನೆ. ಆದರೆ ಹಾಲ್‌ನಲ್ಲಿ ಕೂತವರಿಗೆ ಇಷ್ಟಾದರೂ ಗೊತ್ತಿದ್ದರೆ ಮಗು ಅಡುಗೆಮನೆಗೆ ಬರಬೇಕಾಗಿಲ್ಲ.

ಅದೇ ಯೂನಿವರ್ಸಿಟಿಯಲ್ಲಿ ಇದ್ದುಕೊಂಡು ವಿಷಯ ಮಾತ್ರ ಬದಲಿಸುವುದು ಸುಲಭ. ಅಲ್ಲಿನ ಆಫೀಸಿಗೆ ತಿಳಿಸಬೇಕು, ಅವರು ಹೊಸ ಐ-20 ಮುದ್ರಿಸಿ ಕೊಡುತ್ತಾರೆ. ವೀಸಾ ಹಾಗೇ ಇರುತ್ತದೆ. ಅಮೆರಿಕದಲ್ಲಿ ಇದು ದಿನನಿತ್ಯದ ಮಾತು. ಡಿಗ್ರಿಯ ಮೊದಲ ವರ್ಷ ವಿಷಯವನ್ನೇ ಆರಿಸದೆ ಕೂತಿರುವ ಮಕ್ಕಳೂ ಅಲ್ಲಿ ಎಷ್ಟೋ. ಪಿಯುಸಿಗೆ ಕಾಲಿಡುವ ದಿನವೇ ಸೈನ್ಸೋ ಕಾಮರ್ಸೋ ಅಂತ ಹಣೆಗೆ ಬರೆಸಿಕೊಂಡ ನಮಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕು.

ಯೂನಿವರ್ಸಿಟಿಯನ್ನೇ ಬದಲಿಸುವುದಾದರೆ ಹೆಜ್ಜೆಗಳಿವೆ. ವಿದೇಶಿ ವಿದ್ಯಾರ್ಥಿಯ ಲೆಕ್ಕವನ್ನೆಲ್ಲ ಅಮೆರಿಕ ಸರ್ಕಾರ ಸೆವಿಸ್ ಅನ್ನುವ ಒಂದು ಕಡತದಲ್ಲಿ ಇಟ್ಟಿರುತ್ತದೆ. ಹೊಸ ಕಡೆ ಅಡ್ಮಿಶನ್ ಪತ್ರ ಕೈಗೆ ಬಂದ ಮೇಲೆ ಹಳೆಯ ಕಡೆಯವರಿಗೆ ತೋರಿಸಿದರೆ, ಇಂಥ ದಿನ ಈ ಕಡತವನ್ನು ಬಿಟ್ಟುಕೊಡುತ್ತೇವೆ ಅಂತ ಅವರು ಒಂದು ತಾರೀಖು ಹಾಕುತ್ತಾರೆ. ಮಕ್ಕಳ ಬಾಯಲ್ಲಿ ಅದು 'ರಿಲೀಸ್ ಡೇಟ್'. ಆ ದಿನದ ನಂತರ ಮಗು ಹೊಸ ಯೂನಿವರ್ಸಿಟಿಯ ಸುಪರ್ದಿ. ಹಳೆಯ ಕಡೆ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಮಾಡುತ್ತಿದ್ದ ಕೆಲಸ ಅವತ್ತಿಗೇ ನಿಲ್ಲುತ್ತದೆ. ಹಳೆಯ ಓದು ನಿಂತ ದಿನದಿಂದ ಐದು ತಿಂಗಳೊಳಗೆ ಹೊಸ ಕ್ಲಾಸು ಶುರುವಾಗಬೇಕು. ಮಗಳು ಮೇನಲ್ಲಿ ಒಂದು ಕಡೆ ಮುಗಿಸಿ ಆಗಸ್ಟಿನಲ್ಲಿ ಇನ್ನೊಂದು ಕಡೆ ಸೇರಿದ್ದು ಈ ಲೆಕ್ಕ ನೋಡಿಯೇ. ಹೊಸ ಕಡೆ ಕೋರ್ಸ್ ಶುರುವಾಗಿ ಹದಿನೈದು ದಿನದೊಳಗೆ ಅಲ್ಲಿನ ಆಫೀಸಿಗೆ ಹಾಜರಿ ಹಾಕಬೇಕು. ಪಾಸ್‌ಪೋರ್ಟಿನ ವೀಸಾದ ಮೇಲೆ ಹಳೆಯ ಯೂನಿವರ್ಸಿಟಿಯ ಹೆಸರಿದ್ದರೂ, ಅವಧಿ ಇರುವವರೆಗೆ, ಸೆವಿಸ್ ನಂಬರ್ ಅದೇ ಆಗಿದ್ದರೆ, ಅದು ನಡೆಯುತ್ತದೆ; ಊರಿಗೆ ಬಂದು ಮರಳುವಾಗ ಹೊಸ ಐ-20 ಜೊತೆಗಿರಬೇಕು. ಅಂದರೆ ಇನ್ನೊಂದು ಸಲ ಚೆನ್ನೈ ಬಿಸಿಲಿನಲ್ಲಿ ನೀವು ನಿಲ್ಲಬೇಕಿಲ್ಲ. 350 ಡಾಲರಿನ ಸೆವಿಸ್ ಶುಲ್ಕವನ್ನೂ ಮತ್ತೆ ಕಟ್ಟಬೇಕಿಲ್ಲ.

ಇದನ್ನೆಲ್ಲ ಬರೆಯುತ್ತ ನನಗೆ ನೆನಪಾದದ್ದು ನನ್ನ ಮೈಗ್ರೇಶನ್ ಸರ್ಟಿಫಿಕೇಟು. ಮದುವೆಯಾಗಿ ಮದ್ರಾಸಿಗೆ ಬಂದ ಹೊಸದರಲ್ಲಿ ಎಂ.ಕಾಂ. ಮುಂದುವರಿಸೋಣ ಅಂತ ಹೊರಟೆ. ಟಿ.ಸಿ., ಮೈಗ್ರೇಶನ್, ಸಮಾನತೆಯ ಪತ್ರ ಅಂತ ಎರಡು ರಾಜ್ಯದ ನಡುವೆ ಓಡಾಡಿ, ಒಬ್ಬ ಗುಮಾಸ್ತರು ಕಾಗದ ತಿರುವಿ ನೋಡಿ "ಒರಿಜಿನಲ್ ಎಲ್ಲಮ್ಮ?" ಅಂದ ದಿನ ಬಿಟ್ಟುಬಿಟ್ಟೆ. ಅದೇ ಒರಿಜಿನಲ್, ಮೊಹರು ಸ್ವಲ್ಪ ಮಾಸಿತ್ತು, ಅಷ್ಟೆ. ನಮ್ಮಲ್ಲೂ ಈಗ ಯುಜಿಸಿಯವರು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಮಾಡಿದ್ದಾರೆ. ಒಂದು ಕಡೆ ಗಳಿಸಿದ ಕ್ರೆಡಿಟ್ಟು ಜಮಾ ಆಗಿದ್ದು ಇನ್ನೊಂದು ಕಡೆ ಬಳಸಿಕೊಳ್ಳಬಹುದು. ಬ್ಯಾಂಕಿನವಳಾದ ನನಗೆ ಆ ಹೆಸರು ಹಿಡಿಸಿತು.

ಕ್ರೆಡಿಟ್ಟು ಅಂದೆನಲ್ಲ, ನಷ್ಟ ಆಗುವುದು ಅಲ್ಲೇ. ಅಮೆರಿಕದ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ಟು. ಹಳೆಯ ಕಡೆ ಗಳಿಸಿದ್ದೆಲ್ಲವನ್ನೂ ಹೊಸಬರು ಒಪ್ಪುವುದಿಲ್ಲ. ಸಿ ಗ್ರೇಡಿಗಿಂತ ಕೆಳಗಿನದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಕೊನೆಯ ಒಂದಷ್ಟು ಕ್ರೆಡಿಟ್ಟು ನಮ್ಮಲ್ಲೇ ಓದಬೇಕು ಅನ್ನುತ್ತಾರೆ. ಮಗಳ 57ರಲ್ಲಿ 46 ಜಮಾ ಆಯಿತು. ಹನ್ನೊಂದು ಹೋಯಿತು. ಅದರಲ್ಲಿ ಅವಳು ಕ್ಲಾಸಿಗೆ ಹೋಗದೆ ಡಿ ತೆಗೆದುಕೊಂಡದ್ದೂ ಸೇರಿದೆ. ಒಂದು ಸೆಮಿಸ್ಟರ್ ತಡ. ಮೊದಲ ವರ್ಷಕ್ಕೆ ಸೇರುವವರಿಗೆಂದು ಕೊಟ್ಟಿದ್ದ ಸ್ಕಾಲರ್‌ಶಿಪ್ಪೂ ಹೋಯಿತು. ಮೈಸೂರಿನ ಸೈಟಿನ ಮೇಲೆ ಇನ್ನಷ್ಟು ಸಾಲ ಎತ್ತಿದೆವು. ಇದನ್ನು ಮುಚ್ಚಿಟ್ಟು "ಮಗುವಿನ ಕನಸು" ಅಂತೆಲ್ಲ ಬರೆಯಲು ನನಗೆ ಬರುವುದಿಲ್ಲ. ದುಡ್ಡು ಹೋಗುತ್ತದೆ. ಆದರೆ ಆ ಹನ್ನೊಂದರಲ್ಲಿ ಆರು, ಹತ್ತು ತಿಂಗಳು ಮೊದಲೇ ಬಾಯಿ ಬಿಟ್ಟಿದ್ದರೆ ಉಳಿಯುತ್ತಿತ್ತು. ಬಾಯಿ ಬಿಡದಂತೆ ಮಾಡಿದ್ದು ಯಾರು ಅನ್ನುವ ಲೆಕ್ಕ ನಾನೂ ಯಜಮಾನರೂ ಎಷ್ಟೋ ರಾತ್ರಿ ಹಾಕಿದ್ದೇವೆ. ಟ್ಯಾಲಿ ಆಗಿಲ್ಲ.

ಇನ್ನೊಂದು ಲೆಕ್ಕ ನಿಮಗೆ ಬೇಕೇ ಬೇಕು, ನಾಚಿಕೆಪಡಬೇಡಿ. ಓದು ಮುಗಿದ ಮೇಲೆ ಅಲ್ಲಿ ಹನ್ನೆರಡು ತಿಂಗಳು ಕೆಲಸ ಮಾಡಲು ಅವಕಾಶವಿದೆ, ಓಪಿಟಿ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿ ವಿಷಯ ಇದ್ದರೆ ಇನ್ನೂ ಇಪ್ಪತ್ತನಾಲ್ಕು ತಿಂಗಳು. ಕಂಪ್ಯೂಟರ್ ಬಿಟ್ಟು ಇತಿಹಾಸಕ್ಕೆ ಹೋದ ಮಗು ಎರಡು ವರ್ಷದ ಸಂಬಳ ಕಳೆದುಕೊಳ್ಳಬಹುದು; ಸಾಲ ತೀರಿಸುವ ಮನೆಗೆ ಇದು ಸಣ್ಣ ಮಾತಲ್ಲ. ಹೈಡ್ರಾಲಜಿ ಆ ಪಟ್ಟಿಯಲ್ಲಿದೆ, ನಾವು ಬಚಾವಾದೆವು. ತಮಾಷೆ ಏನೆಂದರೆ ಈ ಪಟ್ಟಿ ನಡೆಯುವುದು ವಿಷಯದ ಹೆಸರಿನ ಮೇಲಲ್ಲ, ಅದರ ಕೋಡ್ ನಂಬರಿನ ಮೇಲೆ. ಎರಡು ಯೂನಿವರ್ಸಿಟಿಯ ಅರ್ಥಶಾಸ್ತ್ರ, ಒಂದರ ಕೋಡ್ ಪಟ್ಟಿಯೊಳಗೆ, ಇನ್ನೊಂದರದು ಹೊರಗೆ. ಐ-20ಯಲ್ಲಿ ವಿಷಯದ ಪಕ್ಕ ಆರಂಕಿಯ ಆ ಕೋಡ್ ಇರುತ್ತದೆ. ಸೈಟಿನ ಖಾತೆ ನಂಬರ್ ನೋಡುವಷ್ಟೇ ಶ್ರದ್ಧೆಯಿಂದ ಅದನ್ನೂ ನೋಡಿ.

ಬ್ಯಾಂಕಿನ ಮಾತು ಬಂತು. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ವಿದ್ಯಾಸಾಲದ ಮೇಜು. ಸ್ಯಾಂಕ್ಷನ್ ಪತ್ರದಲ್ಲಿ ಕಾಲೇಜೂ ಕೋರ್ಸೂ ಎರಡೂ ಹೆಸರಿನೊಂದಿಗೆ ಇರುತ್ತವೆ. ಫೀಸಿನ ಕಂತು ನೇರ ಆ ಯೂನಿವರ್ಸಿಟಿಯ ಖಾತೆಗೆ ಹೋಗುತ್ತದೆ. ಮರುಪಾವತಿಯ ಗಡಿಯಾರವೂ ಕೋರ್ಸ್ ಮುಗಿಯುವ ದಿನಕ್ಕೇ ಕಟ್ಟಿರುತ್ತದೆ, ಸಾಮಾನ್ಯವಾಗಿ ಮುಗಿದು ಒಂದು ವರ್ಷ. ಹಾಗಾಗಿ ಕೋರ್ಸ್ ಬದಲಾದರೆ ಮುಂದಿನ ಕಂತಿನ ಮೊದಲೇ ಹೋಗಿ ಕಾಗದ ಕೊಡಿ. ತಡವಾಗಿ ಹೋದವರಿಗೆ ನಾವು ಹೇಗೆ ಮಾತಾಡುತ್ತಿದ್ದೆವು ಅನ್ನುವುದು ನನಗೆ ಗೊತ್ತು. ಒಮ್ಮೆ ಒಬ್ಬ ತಂದೆ ಮಗನ ಹೊಸ ಅಡ್ಮಿಶನ್ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ನಾನು ಅದನ್ನು ಬಿಡಿಸಿ ಓದಿ, "ಯಾಕ್ ಸಾರ್ ಬದಲಾಯಿಸಿದ?" ಅಂದೆ. ನಿಯಮದ ಪ್ರಕಾರ ಆ ಪ್ರಶ್ನೆಯ ಅಗತ್ಯವೇ ಇರಲಿಲ್ಲ. ಅವರು ತಪ್ಪು ಮಾಡಿದ ಹುಡುಗನ ಹಾಗೆ ನನ್ನ ಟೇಬಲ್ಲಿನ ಗುಂಡುಸೂಜಿ ಡಬ್ಬ ನೋಡುತ್ತ ನಿಂತರು. ಮಗಳ ಫೋನು ಬಂದ ರಾತ್ರಿ ನನಗೆ ನೆನಪಾದದ್ದು ಆ ಡಬ್ಬ.

ಸರಿ, ಕಾನ್ಸುಲೇಟಿನ ಎದುರು ಹೋಗೋಣ. ಜೆಮಿನಿ ಫ್ಲೈಓವರ್ ಪಕ್ಕ, ಮಗು ಒಳಗೆ ಹೋಗಿದೆ, ನೀವು ಅದರ ಫೋನು, ಚೀಲ, ಬೆಲ್ಟು ಹಿಡಿದುಕೊಂಡು ಪಾದಚಾರಿ ದಾರಿಯಲ್ಲಿ ನಿಂತಿದ್ದೀರಿ. ಅಲ್ಲೇ ಹತ್ತಿರದಲ್ಲಿ ಕೆಥೆಡ್ರಲ್ ರೋಡಿನ ಸೆಮ್ಮೊಳಿ ಪೂಂಗಾ ಅನ್ನುವ ಉದ್ಯಾನ. ಅದು ನಮ್ಮ ಉಡುಪಿ ಕಡೆಯ ಕೃಷ್ಣರಾಯರು ಕಟ್ಟಿ ಬೆಳೆಸಿದ ವುಡ್‌ಲ್ಯಾಂಡ್ಸ್‌ನ ಡ್ರೈವ್-ಇನ್ ಹೋಟೆಲ್ ಇದ್ದ ಜಾಗ. ಕಾರಿನ ಬಾಗಿಲಿಗೇ ಟ್ರೇ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. 2008ರಲ್ಲಿ ಮುಚ್ಚಿತು. ಸೆಮ್ಮೊಳಿ ಅಂದರೆ ಶಾಸ್ತ್ರೀಯ ಭಾಷೆ. ಕನ್ನಡಕ್ಕೆ ಆ ಸ್ಥಾನ ಸಿಕ್ಕಿದ್ದೂ ಅದೇ 2008ರಲ್ಲಿ. ಹೋಟೆಲು ಹೋಯಿತು, ಪದವಿ ಬಂತು. ಕಾಯುವವರಿಗೆ ಹೋಟೆಲೇ ವಾಸಿಯಿತ್ತು.

ಅಲ್ಲಿ ನಿಂತಾಗ ಒಬ್ಬರನ್ನು ನೆನೆಯಿರಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಒಬ್ಬ ಹುಡುಗ 1958ರಲ್ಲಿ ಗಣಿತ, ಸಂಖ್ಯಾಶಾಸ್ತ್ರದಲ್ಲಿ ಬಿ.ಎ. ಮುಗಿಸಿದ. ಗಣಿತ ತೆಗೆದುಕೊಂಡದ್ದು ಅಂಕ ಚೆನ್ನಾಗಿ ಬರುತ್ತದೆ ಅನ್ನುವ ಲೆಕ್ಕಾಚಾರದಿಂದ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿತು, ಆಕ್ಸ್‌ಫರ್ಡಿಗೆ ಹೋಗಿ ಗಣಿತ ಬಿಟ್ಟು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. 1963ರಲ್ಲಿ ವಾಪಸ್ಸು ಬಂದು ಕೆಲಸಕ್ಕೆ ಸೇರಿದ್ದು ಇದೇ ಮದ್ರಾಸಿನಲ್ಲಿ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ. ಏಳು ವರ್ಷ ಇದ್ದರು. 'ತುಘಲಕ್' ನಾಟಕ ಬಂದದ್ದು ಆ ಕಾಲದಲ್ಲೇ. ಗಿರೀಶ ಕಾರ್ನಾಡರಿಗೆ ಗಣಿತ ಬಿಟ್ಟದ್ದಕ್ಕೆ ಮನೆಯಲ್ಲಿ ಯಾರೂ ಎದೆ ಬಡಿದುಕೊಂಡಂತಿಲ್ಲ.

ಮೈಸೂರಿನ ಕತೆ ಇನ್ನೂ ಸ್ವಾರಸ್ಯ. ಅಟ್ಟಿಪಟ್ಟು ಕೃಷ್ಣಸ್ವಾಮಿ ಅಯ್ಯಂಗಾರ್ ಗಣಿತದ ಪ್ರೊಫೆಸರ್. ಮಗ ಕಾಲೇಜಿಗೆ ಸೇರಿದಾಗ ತೆಗೆದುಕೊಂಡದ್ದು ವಿಜ್ಞಾನ. ಮಗನ ಒಲವು ಗಣಿತದ ಕಡೆಗಿಲ್ಲ ಅಂತ ಕಂಡು ಇಂಗ್ಲಿಷಿಗೆ ಹೋಗು ಅಂತ ಒಪ್ಪಿಸಿದ್ದು ಆ ಗಣಿತದ ತಂದೆಯೇ! ಮಗ ಇಂಗ್ಲಿಷ್ ಎಂ.ಎ. ಮಾಡಿ, ಹಲವು ಊರುಗಳಲ್ಲಿ ಪಾಠ ಹೇಳಿ, ಮೂವತ್ತನೇ ವಯಸ್ಸಿಗೆ ಮತ್ತೆ ವಿಷಯ ಬದಲಿಸಿದರು. 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾ ಯೂನಿವರ್ಸಿಟಿಗೆ ಹೋಗಿ 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಎ.ಕೆ. ರಾಮಾನುಜನ್. ಎಲ್ಲರ ಮಕ್ಕಳೂ ರಾಮಾನುಜನ್ ಆಗುವುದಿಲ್ಲ, ನನ್ನ ಮಗಳಂತೂ ಖಂಡಿತ ಅಲ್ಲ. ನಾನು ಹೇಳುತ್ತಿರುವುದು ಮಗನ ಬಗ್ಗೆಯಲ್ಲ, ಅಪ್ಪನ ಬಗ್ಗೆ. ಆ ಅಪ್ಪನ ಮುಂದೆ ಮಗ ಯಾವ ಆಂಟಿಯ ಅಡುಗೆಮನೆಗೂ ಹೋಗಬೇಕಿರಲಿಲ್ಲ.

ಎಲ್ಲ ಓದಿಗೂ ಈ ದಾರಿ ತೆರೆದಿಲ್ಲ ಅನ್ನುವುದನ್ನೂ ಹೇಳಬೇಕು. ಡಾಕ್ಟರಿಕೆಗೆ ಹೊರದೇಶಕ್ಕೆ ಹೋದವರ ಪಾಡು ಬೇರೆ. ನಮ್ಮ ವೈದ್ಯಕೀಯ ಆಯೋಗದ 2021ರ ನವೆಂಬರಿನ ನಿಯಮದ ಪ್ರಕಾರ ಇಡೀ ಕೋರ್ಸನ್ನು ಒಂದೇ ವಿದೇಶಿ ಸಂಸ್ಥೆಯಲ್ಲಿ ಓದಿರಬೇಕು, ಇಲ್ಲದಿದ್ದರೆ ಇಲ್ಲಿ ವೈದ್ಯರಾಗಿ ನೋಂದಣಿ ಇಲ್ಲ. ಮೂರೇ ತಿಂಗಳಿಗೆ ಉಕ್ರೇನಿನಲ್ಲಿ ಯುದ್ಧ. ಹಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಹುಡುಗ ಮೆಡಿಕಲ್ ಓದುತ್ತಿದ್ದವನು. ಬದುಕಿ ಬಂದ ಸಾವಿರಾರು ಮಕ್ಕಳಲ್ಲಿ ಹಲವರು ಓದು ಮುಂದುವರಿಸಲು ಅನುಮತಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಬೇರೆ ದೇಶಗಳಿಗೆ ಹೋಗಿ ಮುಂದುವರಿಸಬಹುದು ಅಂತ ವೈದ್ಯಕೀಯ ಆಯೋಗ ಹೇಳಿದ್ದು ಸೆಪ್ಟೆಂಬರಿನಲ್ಲಿ. ಮೆಡಿಕಲ್‌ಗೆ ಕಳಿಸುವವರು ನನ್ನ ಈ ಕಾಗದ ನಂಬಿ ಹೆಜ್ಜೆ ಇಡಬೇಡಿ.

ಅಮೆರಿಕದ ನೆಲವೂ ಮೊದಲಿನಷ್ಟು ಗಟ್ಟಿಯಿಲ್ಲ. 2025ರ ಮೇ 22ರಂದು ಅಲ್ಲಿನ ಸರ್ಕಾರ ಹಾರ್ವರ್ಡಿಗೆ ವಿದೇಶಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಅನುಮತಿಯನ್ನೇ ರದ್ದು ಮಾಡಿ, ಇರುವವರು ಬೇರೆ ಕಡೆ ಟ್ರಾನ್ಸ್‌ಫರ್ ಆಗಬೇಕು, ಇಲ್ಲ ದೇಶ ಬಿಡಬೇಕು ಅಂದಿತು. ಮರುದಿನವೇ ಕೋರ್ಟು ತಡೆದರೂ ಆ ಒಂದು ರಾತ್ರಿ ಮಕ್ಕಳು ಹೇಗೆ ನಿದ್ದೆ ಮಾಡಿರಬೇಕು? ಅದೇ ವರ್ಷದ ಆಗಸ್ಟಿನಲ್ಲಿ ಒಂದು ಕರಡು ನಿಯಮ ಪ್ರಕಟಿಸಿದರು: ಡಿಗ್ರಿ ಮಕ್ಕಳು ಮೊದಲ ವರ್ಷ ಮುಗಿಯುವ ತನಕ ಯೂನಿವರ್ಸಿಟಿಯನ್ನಾಗಲಿ ವಿಷಯವನ್ನಾಗಲಿ ಬದಲಿಸದಂತೆ, ಎಂ.ಎಸ್. ಮಕ್ಕಳು ನಡುವೆ ವಿಷಯವನ್ನೇ ಬದಲಿಸದಂತೆ ಬಿಗಿ ಮಾಡುವ ಪ್ರಸ್ತಾಪ ಅದು. ಎಂ.ಎಸ್.ಗೆ ಹೋಗುವವರೇ ನಿಮ್ಮಲ್ಲಿ ಹೆಚ್ಚು. ಅವರಿಗೆ ಈಗಲೂ ಹೊಸ ಕಡೆ ಜಮಾ ಆಗುವುದು ಎರಡು ಮೂರು ಪಾಠದ ಕ್ರೆಡಿಟ್ಟು ಅಷ್ಟೆ. ಹಾಗಾಗಿ ಹೊರಡುವ ದಿನ ಯಾವ ನಿಯಮ ಜಾರಿಯಲ್ಲಿದೆ ಅನ್ನುವುದನ್ನು ಅಲ್ಲಿನ ಆಫೀಸಿಗೇ ಮೇಲ್ ಬರೆದು ಕೇಳಲಿ, ನಮ್ಮ ವಾಟ್ಸಾಪ್ ಗುಂಪನ್ನಲ್ಲ.

ಇದರಿಂದಲೇ ನಾನು ಅಡುಗೆಮನೆಯ ಪ್ರಶ್ನೆಗೆ ಉತ್ತರ ಬದಲಿಸಿದ್ದೇನೆ. ಮೊದಲೆಲ್ಲ "ಹೋಗಿ ನೋಡಿ ಬದಲಾಯಿಸ್ಕೋಬಹುದು, ಹೆದರಬೇಡ" ಅನ್ನುತ್ತಿದ್ದೆ. ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಈಗಲೇ ಬೇರೆ ವಿಷಯ ಮನಸ್ಸಿನಲ್ಲಿದೆಯಾ, ಇಲ್ಲ ಅಲ್ಲಿ ಹೋಗಿ ಬದಲಾಗಬಹುದು ಅನ್ನುವ ಅನುಮಾನವಾ? ಎರಡೂ ಬೇರೆ. ಓದುತ್ತ ಓದುತ್ತ ಮನಸ್ಸು ತಿರುಗಿದರೆ ಅದು ಓದಿನ ಲಕ್ಷಣ. ಆದರೆ ಈಗಲೇ ಬೇರೆಯದು ಬೇಕಾಗಿದ್ದು, ಬೆಳಗ್ಗೆ ಕಿಟಕಿಯ ಮುಂದೆ ನಿಂತು "ನನಗೆ ಚಿಕ್ಕಂದಿನಿಂದ ಡೇಟಾ ಸೈನ್ಸ್ ಆಸೆ" ಅಂತ ಬಾಯಿಪಾಠ ಒಪ್ಪಿಸಿದರೆ ಅದು ಸುಳ್ಳು. ಆ ಸುಳ್ಳನ್ನು ನಿಮ್ಮ ಮಗು ಅಮೆರಿಕದವರಿಗಾಗಿ ಕಲಿಯುತ್ತಿಲ್ಲ, ನಿಮಗಾಗಿ ಕಲಿಯುತ್ತಿದೆ. ಯೂನಿವರ್ಸಿಟಿಗೆ ಮೇಲ್ ಹಾಕಿ ವಿಷಯ ಬದಲಿಸಿ ಹೊಸ ಐ-20 ತರಿಸಿಕೊಂಡು, ಇನ್ನೊಂದು ತಾರೀಖು ಹಿಡಿದು ಬರಬಹುದು. ಇನ್ನೊಂದು ಸಲ ರೈಲು ಚಾರ್ಜು, ಇನ್ನೊಂದು ರಾತ್ರಿ ನಮ್ಮ ಮನೆಯ ಚಾಪೆ. ಅಷ್ಟೇ ಖರ್ಚು.

ಕಳೆದ ಸಲ ಬಂದ ಒಬ್ಬ ಹುಡುಗನಿಗೆ ಇದನ್ನೇ ಹೇಳಿದೆ. ಅವನು ಲೋಟ ಕೆಳಗಿಟ್ಟು ಹಾಲ್ ಕಡೆ ನೋಡಿದ. ಅವನ ಅಪ್ಪ, ಶಿವಮೊಗ್ಗ ಕಡೆಯ ಅಡಿಕೆ ಬೆಳೆಗಾರರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಮಗನ ಫೈಲಿಗೆ ಒಂದೊಂದಾಗಿ ಕ್ಲಿಪ್ಪು ಹಾಕುತ್ತಿದ್ದರು, ಮೂಲೆ ಮೂಲೆಗೆ ಸರಿ ಹೊಂದಿಸಿ. "ಬೆಳಗ್ಗೆ ಹೇಳ್ತೀನಿ ಆಂಟಿ" ಅಂದ. ಬೆಳಗ್ಗೆ ಹೇಳಲಿಲ್ಲ. ಹನ್ನೊಂದು ಗಂಟೆಗೆ ಬರಿಗೈಯಲ್ಲಿ ಹೊರಬಂದ. ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡರು ಅಂದರೆ ಸಾಮಾನ್ಯವಾಗಿ ವೀಸಾ ಆಯಿತು ಅಂತ ಅರ್ಥ. ಅಪ್ಪ ಅವನ ಬೆನ್ನಿಗೆ ಕೈ ಹಾಕಿ ಮೊದಲು ಕೇಳಿದ್ದು, "ಏನು ಓದ್ತೀಯ ಅಂತ ಕೇಳಿದ್ರಾ?"

"ಕೇಳಿದ್ರು ಅಪ್ಪ."

"ಏನಂದೆ?"

ಹುಡುಗ ನನ್ನ ಮುಖ ನೋಡಿದ. ನಾನು ಆಟೋ ಕರೆಯುವ ನೆಪದಲ್ಲಿ ರಸ್ತೆ ಕಡೆ ತಿರುಗಿಕೊಂಡೆ.

ಇಂತಿ ನಿಮ್ಮವಳೇ ಆದ,
ವೇಳಚೇರಿಯ ಒಬ್ಬ ಆಂಟಿ